ಆಲ್ಫಾ ಅಲೆಗೆ ನೆಮ್ಮದಿಯ ಹೆಸರು ಬಿದ್ದ ಕಥೆ

ಸಂಗೀತ ಕೇಳುತ್ತಿರುವವರ ನೆತ್ತಿಗೂ ಹಣೆಗೂ ಪುಟ್ಟ ಲೋಹದ ಬಿಲ್ಲೆಗಳನ್ನು ಅಂಟಿಸಿ, ಮಿದುಳಿನಿಂದ ಬರುವ ವಿದ್ಯುತ್ತಿನ ಏರಿಳಿತವನ್ನು ಪರದೆಯ ಮೇಲೆ ಮೂಡಿಸುತ್ತಾರೆ. ಆಲ್ಫಾ ಹೆಚ್ಚಾಗಿದೆ, ಆದ್ದರಿಂದ ಮನಸ್ಸು ನಿರಾಳವಾಗಿದೆ. ಬೀಟಾ ಹೆಚ್ಚಾಗಿದೆ, ಆದ್ದರಿಂದ ಒತ್ತಡವಿದೆ ಎಂದು ಅದನ್ನು ಓದುತ್ತಾರೆ. ಈ ಓದು ಈಗ ಎಷ್ಟು ರೂಢಿಯಾಗಿದೆಯೆಂದರೆ, ನಡುವಿನ 'ಆದ್ದರಿಂದ' ಎಲ್ಲಿಂದ ಬಂತೆಂದು ಕೇಳುವವರು ಕಡಿಮೆ. ಅದಕ್ಕೊಂದು ಚರಿತ್ರೆಯಿದೆ. ಸುಮಾರು ನೂರು ವರ್ಷದ ಆ ಚರಿತ್ರೆಯನ್ನು ಹಿಂಬಾಲಿಸಿದರೆ ಒಂದು ವಿಷಯ ತಿಳಿಯುತ್ತದೆ: ಆಲ್ಫಾ ಅಲೆ ನೆಮ್ಮದಿಯ ಗುರುತು ಎಂಬುದನ್ನು ಯಾವ ಪ್ರಯೋಗವೂ ಕಂಡುಹಿಡಿಯಲಿಲ್ಲ. ಸುಲಭವಾಗಿ ಸಿಕ್ಕ ಅಳತೆಯೊಂದಕ್ಕೆ, ಅದು ಬೇಕಾಗಿದ್ದ ಒಂದು ಕಾಲ ಕೊಟ್ಟ ಹೆಸರು ಅದು. ಸಂಗೀತ ಮನುಷ್ಯನನ್ನು ಹಗುರಗೊಳಿಸುತ್ತದೆ ಎಂಬುದರಲ್ಲಿ ನನಗೆ ಸಂಶಯವಿಲ್ಲ. ಅದನ್ನು ಸಾಬೀತುಪಡಿಸುವ ಕೆಲಸವನ್ನು ಮಿದುಳಿನ ಅಲೆಯೊಂದಕ್ಕೇ ವಹಿಸಿದರೆ ಸಂಗೀತಕ್ಕೂ ಮಿದುಳಿಗೂ ಅನ್ಯಾಯವಾಗುತ್ತದೆ ಎಂಬುದು ನನ್ನ ವಾದ.

ಜರ್ಮನಿಯ ಯೇನಾ ಊರಿನ ಮನೋವೈದ್ಯ ಹಾನ್ಸ್ ಬೆರ್ಗರ್ ಮನುಷ್ಯನ ಮಿದುಳಿನ ವಿದ್ಯುತ್ತನ್ನು ಮೊದಲು ದಾಖಲಿಸಿದ್ದು 1924ರಲ್ಲಿ. ಐದು ವರ್ಷ ಅದನ್ನು ತನ್ನಲ್ಲೇ ಇಟ್ಟುಕೊಂಡು, ತಿದ್ದಿ ತೀಡಿ, ಪ್ರಕಟಿಸಿದ್ದು 1929ರಲ್ಲಿ. ಪ್ರಾಣಿಗಳ ಮಿದುಳಿನಲ್ಲಿ ಇಂಥ ವಿದ್ಯುತ್ ಇದೆಯೆಂದು ಲಿವರ್‌ಪೂಲಿನ ರಿಚರ್ಡ್ ಕೇಟನ್ 1875ರಲ್ಲೇ ತೋರಿಸಿದ್ದ. ಬೆರ್ಗರನಿಗೆ ಬೇಕಾಗಿದ್ದದ್ದು ಬೇರೆಯೇ. ಸೈನ್ಯದ ತರಬೇತಿಯಲ್ಲಿ ಕುದುರೆಯಿಂದ ಬಿದ್ದು ಸಾವಿನ ಅಂಚಿನಲ್ಲಿ ಪಾರಾದ ದಿನವೇ, ದೂರದ ಊರಿನಲ್ಲಿದ್ದ ಅಕ್ಕನಿಗೆ ತಮ್ಮನಿಗೆ ಏನೋ ಆಗಿದೆ ಎನ್ನಿಸಿ ಮನೆಯಿಂದ ತಂತಿ ಬಂದಿತ್ತು. ಮನಸ್ಸಿಗೂ ಒಂದು ಶಕ್ತಿಯಿದೆ, ಅದನ್ನು ಅಳೆಯಬಹುದು ಎಂಬ ನಂಬಿಕೆ ಆಗ ಹುಟ್ಟಿದ್ದು ಕೊನೆಯವರೆಗೂ ಅವನನ್ನು ಬಿಡಲಿಲ್ಲ. ಮಿದುಳಿನ ರಕ್ತದ ಮಿಡಿತ ಅಳೆದ, ಮಿದುಳಿನ ಶಾಖ ಅಳೆದ, ಕೊನೆಗೆ ವಿದ್ಯುತ್ತಿಗೆ ಬಂದ. ತನ್ನ ಮಗ ಕ್ಲೌಸ್‌ನ ತಲೆಗೇ ತಂತಿ ಜೋಡಿಸಿದ. ಕಣ್ಣು ಮುಚ್ಚಿ ಸುಮ್ಮನೆ ಮಲಗಿದವರಲ್ಲಿ ಸೆಕೆಂಡಿಗೆ ಸುಮಾರು ಹತ್ತರಂತೆ ಏಳುವ ದೊಡ್ಡ, ನಿಯತವಾದ ಅಲೆ ಕಂಡಿತು. ಅದನ್ನು ಆಲ್ಫಾ ಎಂದು ಕರೆದ. ಕಣ್ಣು ತೆರೆದರೆ, ಮೈ ಮುಟ್ಟಿದರೆ, ಮನಸ್ಸಿನಲ್ಲೇ ಲೆಕ್ಕ ಮಾಡಲು ಹೇಳಿದರೆ ಆ ಅಲೆ ಅಡಗಿ, ಚಿಕ್ಕದಾದ ವೇಗದ ಅಲೆಗಳು ಉಳಿಯುತ್ತಿದ್ದವು, ಅವು ಬೀಟಾ. ಈ ಅಲೆಗಳ ಬಲ ಎಷ್ಟು ಸೂಕ್ಷ್ಮವೆಂದರೆ, ನೆತ್ತಿಯ ಮೇಲೆ ಸಿಗುವ ಐವತ್ತು ಮೈಕ್ರೋವೋಲ್ಟ್ ಎಂಬುದು ಟಾರ್ಚಿನ ಒಂದು ಸೆಲ್ಲಿನ ವೋಲ್ಟೇಜಿನಲ್ಲಿ ಮೂವತ್ತು ಸಾವಿರದ ಒಂದು ಪಾಲು. ಆಲ್ಫಾ ಮೊದಲು ಕಂಡದ್ದಕ್ಕೆ ಮುಖ್ಯ ಕಾರಣ ಅದು ದೊಡ್ಡದಾಗಿದ್ದದ್ದು. ಆ ಕಾಲದ ಗ್ಯಾಲ್ವನೋಮೀಟರಿಗೆ ಅದಕ್ಕಿಂತ ಚಿಕ್ಕದನ್ನು ಹಿಡಿಯುವುದು ಬಹಳ ಕಷ್ಟವಾಗಿತ್ತು. ಮೊದಲು ಕಂಡದ್ದೇ ಮುಖ್ಯವಾದದ್ದು ಎಂಬ ಭಾವನೆ ಅಲ್ಲಿಂದಲೇ ಬೆಳೆಯಿತು. ಬೆರ್ಗರ್ ಮಾತ್ರ ಆಲ್ಫಾವನ್ನು ನೆಮ್ಮದಿ ಎನ್ನಲಿಲ್ಲ. ಗಮನ ಎತ್ತ ಹರಿಯುತ್ತದೆ, ಹರಿದಾಗ ಏನಾಗುತ್ತದೆ ಎಂಬುದು ಅವನ ಪ್ರಶ್ನೆಯಾಗಿತ್ತು.

ಹೊರಗಿನ ಜಗತ್ತು ಬೆರ್ಗರನನ್ನು ನಂಬಿದ್ದು 1934ರಲ್ಲಿ. ಕೇಂಬ್ರಿಜ್‌ನ ಎಡ್ಗರ್ ಏಡ್ರಿಯನ್ ಮತ್ತು ಬ್ರಯನ್ ಮ್ಯಾಥ್ಯೂಸ್ ತಮ್ಮ ತಲೆಗಳ ಮೇಲೇ ಪ್ರಯೋಗ ಮಾಡಿ ಅವನ ಮಾತು ನಿಜವೆಂದರು. ಏಡ್ರಿಯನ್ ಆಗಲೇ ನೊಬೆಲ್ ಪಡೆದಿದ್ದ ವಿಜ್ಞಾನಿ. ಕಣ್ಣು ಮುಚ್ಚಿದರೆ ಸಾಕು, ಅವನ ಆಲ್ಫಾ ಓಡತೊಡಗುತ್ತಿತ್ತು. ಪಕ್ಕದಲ್ಲಿದ್ದ ಮ್ಯಾಥ್ಯೂಸನ ತಲೆಯಲ್ಲಿ ಅದು ಸರಿಯಾಗಿ ನಿಲ್ಲುತ್ತಲೇ ಇರಲಿಲ್ಲ. ಇಬ್ಬರಲ್ಲಿ ಒಬ್ಬ ಶಾಂತ, ಇನ್ನೊಬ್ಬ ಕಳವಳದವ ಎಂದು ಅವರು ಹೇಳಿಕೊಳ್ಳಲಿಲ್ಲ. ಅವರ ಪ್ರದರ್ಶನದಲ್ಲಿ ಏಡ್ರಿಯನ್ ಜೊತೆಗೆ ಒಂದು ನೀರುಜೀರುಂಡೆಯೂ ಇತ್ತು. ಕತ್ತಲಲ್ಲಿ ಅದರ ಕಣ್ಣಿನ ನರಗಂಟಿನಲ್ಲಿ ಇಂಥದ್ದೇ ತಾಳಬದ್ಧ ಅಲೆ ಏಳುತ್ತಿತ್ತು, ಬೆಳಕು ಬಿದ್ದೊಡನೆ ಚದುರುತ್ತಿತ್ತು. ನೋಡುವ ಕೆಲಸವಿಲ್ಲದಾಗ ನೋಟಕ್ಕೆ ಸೇರಿದ ನರಕೋಶಗಳೆಲ್ಲ ಒಟ್ಟಿಗೆ ಮಿಡಿಯುತ್ತವೆ, ಕೆಲಸ ಬಂದಾಗ ತಮ್ಮ ತಮ್ಮ ದಾರಿ ಹಿಡಿಯುತ್ತವೆ ಎಂಬುದು ಏಡ್ರಿಯನ್ ಕಂಡ ಅರ್ಥ. ಬ್ರಿಸ್ಟಲ್‌ನ ಗ್ರೇ ವಾಲ್ಟರ್ ಮತ್ತು ಜೊತೆಗಾರರು 1943ರಲ್ಲಿ ಜನರನ್ನು ಮೂರು ಬಗೆಯಾಗಿ ವಿಂಗಡಿಸಿದರು: ಕಣ್ಣು ಮುಚ್ಚಿದರೂ ಆಲ್ಫಾ ಇಲ್ಲದವರು, ಕಣ್ಣು ಮುಚ್ಚಿದಾಗ ಬಂದು ತೆರೆದಾಗ ಹೋಗುವವರು, ಕಣ್ಣು ತೆರೆದರೂ ಆಲ್ಫಾ ಬಿಡದವರು. ಮನಸ್ಸಿನಲ್ಲಿ ಚಿತ್ರ ಕಟ್ಟಿಕೊಂಡು ಯೋಚಿಸುವ ಅಭ್ಯಾಸಕ್ಕೂ ಇದಕ್ಕೂ ನಂಟಿದೆ ಎಂಬುದು ಅವರ ಊಹೆಯಾಗಿತ್ತು. ಅಂದರೆ ಮೊದಲ ಹದಿನೈದು ವರ್ಷ ಆಲ್ಫಾ ನೋಟಕ್ಕೂ ಗಮನಕ್ಕೂ ಸೇರಿದ್ದಾಗಿತ್ತು. ನೆಮ್ಮದಿಯ ಪ್ರಸ್ತಾಪ ಅಲ್ಲಿ ಕೇಂದ್ರದಲ್ಲಿರಲಿಲ್ಲ.

ಹಾಗಾದರೆ ನೆಮ್ಮದಿಯನ್ನು ಆ ಕಾಲದಲ್ಲಿ ಎಲ್ಲಿ ಅಳೆಯುತ್ತಿದ್ದರು? ಸ್ನಾಯುವಿನಲ್ಲಿ. ಬೆರ್ಗರನ ಲೇಖನ ಬಂದ 1929ರಲ್ಲೇ, ಷಿಕಾಗೊದ ವೈದ್ಯ ಎಡ್ಮಂಡ್ ಜೇಕಬ್ಸನ್ ಹಂತ ಹಂತವಾಗಿ ಮೈ ಸಡಿಲಿಸುವ ವಿದ್ಯೆಯ ಮೇಲೆ ತನ್ನ ಪುಸ್ತಕ ತಂದ. ಅವನ ಕೆಲಸ ಶುರುವಾದದ್ದು 1908ರಲ್ಲಿ ಹಾರ್ವರ್ಡಿನಲ್ಲಿ, ಅದೂ ಸದ್ದಿನಿಂದ: ಥಟ್ಟನೆ ದೊಡ್ಡ ಸದ್ದಾದರೆ ಜನ ಬೆಚ್ಚಿಬೀಳುತ್ತಾರೆ, ಮೈಯನ್ನು ಪೂರ್ತಿ ಸಡಿಲಬಿಡಲು ಕಲಿತವರು ಅಷ್ಟಾಗಿ ಬೆಚ್ಚುವುದಿಲ್ಲ ಎಂದು ಅವನು ಕಂಡುಕೊಂಡ. ಮುಂದೆ ಸ್ನಾಯುವಿನ ವಿದ್ಯುತ್ತನ್ನೇ ಮೈಕ್ರೋವೋಲ್ಟ್ ಲೆಕ್ಕದಲ್ಲಿ ಅಳೆದ. ಒತ್ತಡದ ಕಥೆ ಮತ್ತೂ ಬೇರೆ ಕಡೆಯದು. ಮಾಂಟ್ರಿಯಲ್‌ನ ಹಾನ್ಸ್ ಸೆಲ್ಯೆ 1936ರಲ್ಲಿ ಇಲಿಗಳ ಮೇಲಿನ ಪ್ರಯೋಗವನ್ನು 'ನೇಚರ್' ಪತ್ರಿಕೆಯಲ್ಲಿ ವರದಿ ಮಾಡಿದ. ಚಳಿ, ಗಾಯ, ವಿಷ, ಯಾವ ಹಿಂಸೆಯಾದರೂ ಇಲಿಯ ಅಡ್ರಿನಲ್ ಗ್ರಂಥಿ ಊದಿಕೊಳ್ಳುತ್ತಿತ್ತು, ಹೊಟ್ಟೆಯಲ್ಲಿ ಹುಣ್ಣಾಗುತ್ತಿತ್ತು. ಅದಕ್ಕೆ 'ಸ್ಟ್ರೆಸ್' ಎಂಬ ಹೆಸರು ಗಟ್ಟಿಯಾಗಿ ಅಂಟಿದ್ದು ಅವನ ನಂತರದ ಪುಸ್ತಕಗಳಿಂದ. ಕನ್ನಡದಲ್ಲಿ ನಾವು ರಕ್ತಕ್ಕೂ ಮನಸ್ಸಿಗೂ ಒಂದೇ 'ಒತ್ತಡ' ಎಂಬ ಪದ ಬಳಸುತ್ತೇವೆ. 'ನಿರಾಳ' ಎಂಬುದು ಅಲ್ಲಮನ ವಚನಗಳಲ್ಲಿ ಬಯಲಿಗೆ ಹತ್ತಿರದ ಮಾತು, ಇಂದಿನ ಬಳಕೆಯಲ್ಲಿ ಹೊರೆ ಇಳಿಸಿದವರ ಹಗುರ. ಪದಗಳ ಹರಹು ದೊಡ್ಡದು. ಅವುಗಳ ಹಿಂದೆ ಗ್ರಂಥಿ, ಸ್ನಾಯು, ನೆತ್ತಿ ಎಂಬ ಮೂರು ಬೇರೆ ಬೇರೆ ಅಳತೆಗಳು ಮೂರು ಊರುಗಳಲ್ಲಿ ಹುಟ್ಟಿದವು ಎಂಬುದನ್ನು ನೆನಪಿಡಬೇಕು. ಅವು ಒಂದನ್ನೊಂದು ಒಪ್ಪಲೇಬೇಕೆಂಬ ನಿಯಮವಿಲ್ಲ.

ಸಂಗೀತವನ್ನು ದೇಹದಲ್ಲಿ ಅಳೆಯುವ ಹಂಬಲ ಇವೆಲ್ಲಕ್ಕಿಂತ ಹಳೆಯದು. ಕಜಾನಿನ ಶರೀರವಿಜ್ಞಾನಿ ದೊಗೇಲ್ 1880ರಲ್ಲಿ, ಪ್ಯಾರಿಸ್ಸಿನ ಬಿನೆ ಮತ್ತು ಕೂರ್ತ್ಯೇ 1895ರ ಸುಮಾರಿಗೆ, ಸ್ವರಗಳು ನಾಡಿಯನ್ನೂ ಉಸಿರನ್ನೂ ಹೇಗೆ ಬದಲಿಸುತ್ತವೆಂದು ನೋಡಿದ್ದರು. ಬೆಂಗಳೂರಿಗೆ ಬಂದ ಸಿ. ವಿ. ರಾಮನ್ ಮೃದಂಗ, ತಬಲಾಗಳ ಕರಣೆ ಹಚ್ಚಿದ ಚರ್ಮ ಹೇಗೆ ಶ್ರುತಿಬದ್ಧ ನಾದ ಕೊಡುತ್ತದೆಂಬುದನ್ನು 1930ರ ದಶಕದಲ್ಲಿ ವಿವರವಾಗಿ ಬರೆದರು. ಅವರು ವಾದ್ಯದ ಬಳಿಯೇ ನಿಂತರು, ಕೇಳುವವನ ತಲೆಯೊಳಗೆ ಹೋಗಲಿಲ್ಲ. ಅತ್ತ ಲಂಡನ್ನಿನ ನರವೈದ್ಯ ಮೆಕ್‌ಡೊನಲ್ಡ್ ಕ್ರಿಚ್ಲಿ 1937ರಲ್ಲಿ ಬರೆದದ್ದು ಸಂಗೀತ ಕೇಳಿದೊಡನೆ ಮೂರ್ಛೆರೋಗ ಕೆರಳುವವರ ಬಗ್ಗೆ. ಸಂಗೀತದಿಂದ ಮಿದುಳಿನ ವಿದ್ಯುತ್ತಿಗೆ ಏನಾಗುತ್ತದೆ ಎಂಬ ಪ್ರಶ್ನೆ ವೈದ್ಯರ ಮುಂದೆ ಆಗ ಬಂದದ್ದು ಬಿರುಗಾಳಿಯ ರೂಪದಲ್ಲಿ.

ಆಲ್ಫಾ ಮತ್ತು ಶಾಂತಿಯನ್ನು ಒಂದೇ ಚಾಪೆಯ ಮೇಲೆ ಕೂರಿಸಿದ್ದು ನಮ್ಮ ಯೋಗಿಗಳನ್ನು ಅಳೆಯಲು ಹೊರಟವರು. ಈ ಅಧ್ಯಾಯವನ್ನು ನಿಧಾನವಾಗಿ ನೋಡಬೇಕು, ಏಕೆಂದರೆ ಇಲ್ಲಿಯ ಸಾಕ್ಷ್ಯ ಜನಪ್ರಿಯ ನಂಬಿಕೆಗಿಂತ ಬಹಳ ಗೋಜಲು. ಕಲ್ಕತ್ತೆಯ ಎನ್. ಎನ್. ದಾಸ್ ಮತ್ತು ಫ್ರಾನ್ಸಿನ ಆನ್ರಿ ಗಾಸ್ತೊ 1955ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಧ್ಯಾನ ಗಾಢವಾದಂತೆ ಯೋಗಿಗಳ ಮಿದುಳಿನ ಅಲೆಗಳು ವೇಗವಾದವು. ಅದೇ ಹೊತ್ತಿಗೆ ಅವರ ಸ್ನಾಯುಗಳು ಸ್ತಬ್ಧವಾಗಿದ್ದವು. ಇಂದಿನ ಓದಿನ ಪ್ರಕಾರ ಆ ಮಿದುಳು ಒತ್ತಡದಲ್ಲಿತ್ತು, ಆ ಮೈ ವಿಶ್ರಾಂತಿಯಲ್ಲಿತ್ತು! ಎರಡು ವರ್ಷದ ನಂತರ ಅಮೆರಿಕದಿಂದ ಬಸು ಬಾಗ್ಚಿ ಮತ್ತು ಮೇರಿಯನ್ ವೆಂಗರ್ ಯಂತ್ರ ಹೊತ್ತುಕೊಂಡು ಭಾರತ ಸುತ್ತಿದರು. ಅವರಿಗೆ ಧ್ಯಾನದಲ್ಲಿ ಕಂಡದ್ದು ಎಚ್ಚರದ ಸಾಧಾರಣ ಆಲ್ಫಾ, ಹೆಚ್ಚಿನ ಬದಲಾವಣೆಯಿಲ್ಲ. ದೆಹಲಿಯ ಏಮ್ಸ್‌ನಲ್ಲಿ ಬಿ. ಕೆ. ಆನಂದ್, ಛೀನಾ, ಬಲದೇವ್ ಸಿಂಗ್ 1961ರಲ್ಲಿ ನಾಲ್ವರು ಯೋಗಿಗಳನ್ನು ನೋಡಿದರು. ಸಮಾಧಿಯಲ್ಲಿದ್ದಾಗ ಪ್ರಖರ ಬೆಳಕು, ಜೋರು ಸದ್ದು, ಬಿಸಿ ಗಾಜಿನ ನಳಿಗೆಯ ಸ್ಪರ್ಶ, ಶ್ರುತಿಕವೆಯ ಕಂಪನ, ಯಾವುದಕ್ಕೂ ಅವರ ಆಲ್ಫಾ ಕದಲಲಿಲ್ಲ. ಜಪಾನಿನ ಕಸಮತ್ಸು ಮತ್ತು ಹಿರಾಯಿ 1966ರಲ್ಲಿ ಝೆನ್ ಭಿಕ್ಷುಗಳಿಗೆ ಒಂದೇ ಸಮನೆ ಟಕ್ ಟಕ್ ಎಂಬ ಸದ್ದು ಕೇಳಿಸಿದಾಗ ಆದದ್ದು ಇದಕ್ಕೆ ತಿರುಗುಮುರುಗು: ಪ್ರತಿ ಸದ್ದಿಗೂ ಆಲ್ಫಾ ಕ್ಷಣಕಾಲ ಅಡಗುತ್ತಿತ್ತು, ಸದ್ದು ಹಳತಾಗಲೇ ಇಲ್ಲ. ಎರಡೂ ಕಡೆಯವರು ಪ್ರಶಾಂತರು. ಒಬ್ಬರ ಅಲೆ ಸದ್ದಿಗೆ ಕಿವುಡು, ಇನ್ನೊಬ್ಬರದು ಪ್ರತಿ ಸದ್ದಿಗೂ ಹೊಸದಾಗಿ ಅಡಗುವಂಥದ್ದು. 1981ರಲ್ಲಿ ಬೆಕರ್ ಮತ್ತು ಶಪಿರೊ ಯೋಗ, ಝೆನ್, ಭಾವಾತೀತ ಧ್ಯಾನ ಮೂರರ ಸಾಧಕರನ್ನೂ ಒಂದೇ ಬಗೆಯಲ್ಲಿ ಪರೀಕ್ಷಿಸಿದಾಗ ಗುಂಪುಗಳ ನಡುವೆ ಅಂಥ ವ್ಯತ್ಯಾಸ ಸಿಗಲಿಲ್ಲ. ಇಷ್ಟು ಭಿನ್ನಮತದಿಂದ ಜನಮನದಲ್ಲಿ ಉಳಿದದ್ದು ಒಂದೇ ಸಾಲು: ಯೋಗಿಗೆ ಆಲ್ಫಾ ಹೆಚ್ಚು.

ಆ ಸಾಲನ್ನು ಅಮೆರಿಕದ ಮನೆ ಮನೆಗೆ ತಲುಪಿಸಿದ್ದು ಜೋ ಕಮಿಯಾ ಮಾಡಿದ ಪ್ರಯೋಗಗಳು. ಮೊದಲು ಷಿಕಾಗೊ, ನಂತರ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಅವನು ತೋರಿಸಿದ್ದು, ತನ್ನಲ್ಲಿ ಈಗ ಆಲ್ಫಾ ಇದೆಯೋ ಇಲ್ಲವೋ ಎಂದು ಮನುಷ್ಯ ಗುರುತಿಸಲು ಕಲಿಯಬಲ್ಲ ಎಂಬುದನ್ನು. ಆಲ್ಫಾ ಬಂದಾಗ ಒಂದು ಸ್ವರ ಮೊಳಗುವಂತೆ ಮಾಡಿದರೆ ಆ ಸ್ವರವನ್ನು ಉಳಿಸಿಕೊಳ್ಳಲೂ ಕಲಿಯುತ್ತಿದ್ದರು. 1968ರಲ್ಲಿ ಜನಪ್ರಿಯ ಮನೋವಿಜ್ಞಾನ ಪತ್ರಿಕೆಯೊಂದರಲ್ಲಿ ಅವನ ಲೇಖನ ಬಂದ ಮೇಲೆ ಮನೆಯಲ್ಲೇ ಆಲ್ಫಾ ಅಭ್ಯಾಸ ಮಾಡುವ ಯಂತ್ರಗಳು ಮಾರುಕಟ್ಟೆಗೆ ಬಂದವು. ವಿಯೆಟ್ನಾಂ ಯುದ್ಧ, ಮಾದಕವಸ್ತು, ಪೂರ್ವದ ಅಧ್ಯಾತ್ಮದ ಕಡೆಗಿನ ಸೆಳೆತ ಎಲ್ಲವೂ ಒಂದಾಗಿದ್ದ ಕಾಲ ಅದು. ಗುಳಿಗೆಯಿಲ್ಲದೆ, ಗುರುವಿಲ್ಲದೆ ಸಿಗುವ ಶಾಂತಿ ಬೇಕಾಗಿತ್ತು. ಆ ಬಯಕೆಯನ್ನು ನಾನು ಹಗುರವಾಗಿ ಕಾಣುವುದಿಲ್ಲ. ಸಂಗೀತವೂ ಆ ಗಾಳಿಗೆ ತೆರೆದುಕೊಂಡಿತು. ಅದಕ್ಕೂ ಮೊದಲೇ, 1965ರ ಮೇ ತಿಂಗಳಲ್ಲಿ, ಬ್ರಾಂಡೈಸ್ ವಿಶ್ವವಿದ್ಯಾಲಯದಲ್ಲಿ ಆಲ್ವಿನ್ ಲೂಸಿಯರ್ ಎಂಬ ಸಂಗೀತಗಾರ ವೇದಿಕೆಯ ಮೇಲೆ ಕಣ್ಣು ಮುಚ್ಚಿ ಕುಳಿತು, ತನ್ನ ಆಲ್ಫಾ ಅಲೆಗಳನ್ನು ಧ್ವನಿವರ್ಧಕಗಳಿಗೆ ಹರಿಸಿ, ಅವುಗಳ ಅದುರಿನಿಂದ ಚರ್ಮವಾದ್ಯ, ತಾಳವಾದ್ಯಗಳನ್ನು ನುಡಿಸಿದ್ದ. ಭೌತವಿಜ್ಞಾನಿ ಎಡ್ಮಂಡ್ ಡ್ಯೂಅನ್ ಅವನಿಗೆ ಉಪಕರಣ ಒದಗಿಸಿದ್ದರು. ಅದೇ ಡ್ಯೂಅನ್ ಆಲ್ಫಾವನ್ನು ಬೇಕೆಂದಾಗ ತಂದು, ಬೇಡವೆಂದಾಗ ಅಡಗಿಸಿ ಮೋರ್ಸ್ ಸಂಕೇತ ಕಳಿಸಿದ್ದರು. ಅಕ್ಷರದ ಚುಕ್ಕೆಗೂ ಗೆರೆಗೂ ಒದಗುವಷ್ಟು ಬೇಗ ಬಂದುಹೋಗುವ ಅಲೆಯನ್ನು ನೆಮ್ಮದಿ ಎನ್ನಲು ಹೇಗಾದೀತು? ನೆಮ್ಮದಿ ಅಷ್ಟು ಬೇಗ ಬಂದು ಅಷ್ಟು ಬೇಗ ಹೋಗುವ ವಸ್ತುವಲ್ಲ.

ಈ ಪ್ರಶ್ನೆಗೆ ನೇರ ಉತ್ತರ ಕೊಟ್ಟದ್ದು ಡೇವಿಡ್ ಪ್ಯಾಸ್ಕವಿಟ್ಸ್ ಮತ್ತು ಮಾರ್ಟಿನ್ ಓರ್ನ್ 'ಸೈನ್ಸ್' ಪತ್ರಿಕೆಯಲ್ಲಿ ಪ್ರಕಟಿಸಿದ ಎರಡು ಅಧ್ಯಯನಗಳು. 1973ರದ್ದರಲ್ಲಿ, ಪೂರ್ತಿ ಕತ್ತಲೆಯ ಕೋಣೆಯಲ್ಲಿ ಆಲ್ಫಾ ತರಬೇತಿ ಕೊಟ್ಟರೆ ಅಲೆ ಹೆಚ್ಚುವುದೇ ಇಲ್ಲವೆಂದು ಗೊತ್ತಾಯಿತು. ಮಂದ ಬೆಳಕಿದ್ದಾಗ ಮಾತ್ರ ಹೆಚ್ಚುತ್ತಿತ್ತು, ಏಕೆಂದರೆ ಜನ ಕಲಿಯುತ್ತಿದ್ದದ್ದು ನೋಡದಿರುವುದನ್ನು. 1974ರದ್ದು ಇನ್ನೂ ಕಟ್ಟುನಿಟ್ಟು. ಕುಳಿತವರಿಗೆ ವಿದ್ಯುತ್ ಆಘಾತ ಕೊಡಬಹುದೆಂದು ಮೊದಲೇ ಹೇಳಲಾಯಿತು. ಹೃದಯದ ಬಡಿತ ಏರಿತು, ಚರ್ಮದ ವಿದ್ಯುತ್ ವಾಹಕತೆ ಏರಿತು, ಭಯವಾಗುತ್ತಿದೆ ಎಂದು ಅವರೇ ಹೇಳಿದರು. ಆಲ್ಫಾ ಮಾತ್ರ ಕುಸಿಯಲಿಲ್ಲ. ಭಯಗೊಂಡ ಮನುಷ್ಯನಲ್ಲಿ ನೆಮ್ಮದಿಯ ಅಲೆ ತನ್ನ ಪಾಡಿಗೆ ತಾನಿತ್ತು. ಆ ಹೊತ್ತಿಗೆ ಪ್ಲಾಟ್ಕಿನ್ ಮತ್ತಿತರರು ಕಂಡುಕೊಂಡದ್ದೂ ಇದರ ಜೊತೆಗೇ ಬರುತ್ತದೆ: ಆಲ್ಫಾ ತರಬೇತಿಯಲ್ಲಿ ಸಿಗುವ ಹಿತವಾದ ಅನುಭವದ ಬಹುಪಾಲು ಹಾಗಾಗುತ್ತದೆ ಎಂಬ ನಿರೀಕ್ಷೆಯಿಂದ ಬರುತ್ತದೆ. ವಿಜ್ಞಾನದ ಒಳಗೆ ಈ ವಿಷಯ ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಹೆಸರು ಒಮ್ಮೆ ಅಂಟಿದ ಮೇಲೆ ಪ್ರಯೋಗ ಬಿದ್ದುಹೋದರೂ ಹೆಸರು ಬೀಳುವುದಿಲ್ಲ.

ನನ್ನ ಈ ವಾದಕ್ಕೆ ಒಂದು ಗಟ್ಟಿ ಆಕ್ಷೇಪವಿದೆ. ಯಾವುದೋ ಒಬ್ಬಿಬ್ಬರಲ್ಲಿ ಏನೇ ಆಗಲಿ, ಮೆಲುವಾದ ಸಂಗೀತ ಕೇಳಿಸಿದಾಗ ಆಲ್ಫಾ ಹೆಚ್ಚಿತೆಂದು ಹಲವು ಅಧ್ಯಯನಗಳು ಹೇಳುತ್ತವಲ್ಲ, ಸರಾಸರಿಗೆ ಬೆಲೆಯಿಲ್ಲವೇ? ಬೆಲೆಯಿದೆ, ಆ ಸರಾಸರಿ ಸುಳ್ಳೆಂದು ನಾನು ಹೇಳುತ್ತಿಲ್ಲ. ಅದರ ಅರ್ಥ ಯಾವುದು ಎಂಬುದಷ್ಟೇ ಪ್ರಶ್ನೆ. ಹಿತವಾದ ಸಂಗೀತಕ್ಕೆ ಜನ ಕಣ್ಣು ಮುಚ್ಚುತ್ತಾರೆ. ಅದೊಂದೇ ಸಾಕು ಆಲ್ಫಾ ಏರಲು. ಕಣ್ಣು ಮುಚ್ಚಿಸಿಯೇ ಹೋಲಿಸಿದರೂ, ಗಮನ ಒಳಮುಖವಾದಾಗ ಅದು ಇನ್ನಷ್ಟು ಏರುತ್ತದೆ. ಓಲೆ ಯೆನ್ಸೆನ್ ಮತ್ತು ಸಂಗಡಿಗರು 2002ರಲ್ಲಿ ತೋರಿಸಿದಂತೆ, ನೆನಪಿನಲ್ಲಿ ಇಟ್ಟುಕೊಳ್ಳಬೇಕಾದ ಅಕ್ಷರಗಳು ಹೆಚ್ಚಿದಷ್ಟೂ ಆಲ್ಫಾ ಹೆಚ್ಚುತ್ತದೆ. ಹೊರೆ ಹೆಚ್ಚಿದಾಗ ಏರುವ ಅಲೆ ಹೊರೆ ಇಳಿದದ್ದರ ಗುರುತಾಗಲಾರದು. ವೋಲ್ಫ್‌ಗಾಂಗ್ ಕ್ಲಿಮೆಶ್ ಮುಂತಾದವರು ಆಲ್ಫಾವನ್ನು ಸುಮ್ಮನಿರುವ ಮಿದುಳಿನ ಗೊರಕೆ ಎಂದು ನೋಡುವುದಿಲ್ಲ. ಬೇಡದ್ದನ್ನು ತಡೆದು ನಿಲ್ಲಿಸುವ ಕ್ರಿಯೆಯೆಂದು ವಿವರಿಸುತ್ತಾರೆ. 2011ರಲ್ಲಿ ನೆದರ್‌ಲ್ಯಾಂಡ್ಸಿನಲ್ಲಿ ಶೇಫರ್ ಮತ್ತು ಸಂಗಡಿಗರು ಕಂಡದ್ದು ನನಗೆ ಬಹಳ ಮುಖ್ಯವೆನಿಸುತ್ತದೆ: ಸಂಗೀತವನ್ನು ಕಿವಿಯಿಂದ ಕೇಳುವಾಗಿನದಕ್ಕಿಂತ, ಅದೇ ಸಂಗೀತವನ್ನು ಮನಸ್ಸಿನಲ್ಲೇ ನುಡಿಸಿಕೊಳ್ಳುವಾಗ ಆಲ್ಫಾ ಹೆಚ್ಚು. ಧಾರವಾಡದ ಬೈಠಕ್ಕಿನಲ್ಲಿ ಕುಳಿತ ರಸಿಕ ವಿಲಂಬಿತ ಖಯಾಲಿನ ಒಂದು ಆವರ್ತನವನ್ನು ಸಮ್‌ ತನಕ ಮನಸ್ಸಿನಲ್ಲೇ ಎಣಿಸುತ್ತ, ಗಾಯಕ ಮುಂದೆ ಯಾವ ಸ್ವರಕ್ಕೆ ಹೋಗುವನೋ ಎಂದು ಕಾಯುತ್ತ ಇರುತ್ತಾನೆ. ಅವನ ತಲೆಯಲ್ಲಿ ಕೆಲಸ ಬಿಡುವಿಲ್ಲದೆ ನಡೆದಿರುತ್ತದೆ, ಮುಖದ ಮೇಲೆ ತೃಪ್ತಿಯಿರುತ್ತದೆ. ಆಲ್ಫಾ ಏರಿದರೆ ಅದು ಎಣಿಕೆಗೋ, ಕಾಯುವಿಕೆಗೋ, ತೃಪ್ತಿಗೋ ಎಂದು ಅಲೆಯನ್ನು ನೋಡಿ ಹೇಳಲು ಬರುವುದಿಲ್ಲ. ರಾಗಜ್ಞಾನವಿಲ್ಲದ ಪಕ್ಕದವನು ತೂಕಡಿಕೆಗೆ ಜಾರುತ್ತಿದ್ದರೆ ಅವನ ಆಲ್ಫಾ ಕರಗಿ ನಿಧಾನವಾದ ಅಲೆಗಳು ಏಳುತ್ತವೆ. ನಿದ್ದೆಯ ಹಂತಗಳನ್ನು ಆಲ್ಫ್ರೆಡ್ ಲೂಮಿಸ್ 1930ರ ದಶಕದಲ್ಲೇ ಗುರುತಿಸಿದ್ದ. ನಿದ್ದೆಗಿಂತ ನಿರಾಳ ಬೇರೆ ಯಾವುದಿದೆ?

ಬೀಟಾದ ಕಥೆ ಇನ್ನೂ ಸೂಕ್ಷ್ಮ, ಅದು ನಮ್ಮನ್ನು 1929ಕ್ಕೆ ಮರಳಿ ಕರೆದೊಯ್ಯುತ್ತದೆ. ನೆತ್ತಿಯ ಮೇಲಿನ ಬಿಲ್ಲೆ ಮಿದುಳಿನ ವಿದ್ಯುತ್ತನ್ನಷ್ಟೇ ಹಿಡಿಯುವುದಿಲ್ಲ. ಹಣೆ, ದವಡೆ, ಕುತ್ತಿಗೆಯ ಸ್ನಾಯುಗಳ ವಿದ್ಯುತ್ತನ್ನೂ ಹಿಡಿಯುತ್ತದೆ, ಮತ್ತು ಸ್ನಾಯುವಿನದ್ದು ಮಿದುಳಿನದ್ದಕ್ಕಿಂತ ಜೋರು. ಅಡಿಲೇಡಿನ ಫ್ಲಿಂಡರ್ಸ್ ವಿಶ್ವವಿದ್ಯಾಲಯದ ಸಂಶೋಧಕರು 2007ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಎಚ್ಚರವಾಗಿರುವ ಸ್ವಯಂಸೇವಕರ ಸ್ನಾಯುಗಳನ್ನು ಔಷಧದಿಂದ ತಾತ್ಕಾಲಿಕವಾಗಿ ಪೂರ್ತಿ ನಿಷ್ಕ್ರಿಯಗೊಳಿಸಿ ಅಲೆಗಳನ್ನು ಅಳೆದರು. ಸೆಕೆಂಡಿಗೆ ಇಪ್ಪತ್ತಕ್ಕಿಂತ ವೇಗದ ಅಲೆಗಳ ಬಹುಪಾಲು ಮಾಯವಾಯಿತು, ಅದು ಸ್ನಾಯುವಿನದ್ದಾಗಿತ್ತು. ಹಾಗಾದರೆ ಸಂಗೀತ ಕೇಳಿ ಬೀಟಾ ಇಳಿಯಿತು, ಒತ್ತಡ ತಗ್ಗಿತು ಎಂಬ ವರದಿಯಲ್ಲಿ ಎಷ್ಟೋ ಸಲ ನಿಜವಾಗಿ ಆದದ್ದು ಹುಬ್ಬಿನ ಗಂಟು ಬಿಚ್ಚಿದ್ದು, ಹಲ್ಲು ಕಚ್ಚಿದ್ದು ಸಡಿಲವಾದದ್ದು. ಜೇಕಬ್ಸನ್ ಹೇಳಿದ್ದೇ ಇದನ್ನು. ಬೆರ್ಗರನ ಯಂತ್ರದೊಳಗೆ ಜೇಕಬ್ಸನ್‌ನ ಅಳತೆ ಸದ್ದಿಲ್ಲದೆ ಕುಳಿತಿತ್ತು, ನಾವು ಅದನ್ನು ಮಿದುಳೆಂದು ಓದಿದೆವು. ಅಲೆ ಅಳೆಯಲು ಹಣೆಗೆ ಕಟ್ಟಿಕೊಳ್ಳುವ ಪಟ್ಟಿಗಳಲ್ಲಿ ಈ ಬೆರಕೆ ಇನ್ನೂ ಹೆಚ್ಚು, ಏಕೆಂದರೆ ಅವು ಕೂರುವುದೇ ಸ್ನಾಯುವಿನ ಮೇಲೆ. ಇದು ಕೆಟ್ಟ ಸುದ್ದಿಯಲ್ಲ. ಹಣೆಯ ಸ್ನಾಯು ಸಡಿಲವಾದದ್ದೂ ಒಳ್ಳೆಯದೇ. ಅದನ್ನು ಅದರ ಹೆಸರಿನಿಂದಲೇ ಕರೆಯಬೇಕು.

ಎರಡನೆಯ ಆಕ್ಷೇಪ: ಹಾಗಾದರೆ ಕೇಳುಗನ ಮಾತನ್ನೇ ನಂಬಬೇಕೇ? ಹಿತವಾಯಿತು ಎಂದು ಯಾರಾದರೂ ಹೇಳಬಹುದು. ಯಂತ್ರ ಬಂದದ್ದೇ ಆ ಮಾತಿನ ಮೇಲಿನ ಸಂಶಯದಿಂದಲ್ಲವೇ? ಮಾತೊಂದೇ ಸಾಲದು ಎಂಬುದನ್ನು ಒಪ್ಪುತ್ತೇನೆ. ಆದರೆ ಅದಕ್ಕೆ ಪರಿಹಾರ ಮಾತನ್ನು ಹೊರಗಿಡುವುದಲ್ಲ, ಹಲವು ಸಾಕ್ಷಿಗಳನ್ನು ಒಟ್ಟಿಗೆ ಕರೆದು ಅವರು ಎಲ್ಲಿ ಒಪ್ಪುತ್ತಾರೆ, ಎಲ್ಲಿ ಒಪ್ಪುವುದಿಲ್ಲ ಎಂದು ನೋಡುವುದು. ಮಿರಿಯಂ ತೋಮಾ ಮತ್ತು ಸಂಗಡಿಗರು 2013ರಲ್ಲಿ ಪ್ರಕಟಿಸಿದ ಪ್ರಯೋಗ ಇದಕ್ಕೆ ಒಳ್ಳೆಯ ಮಾದರಿ. ಅರವತ್ತು ಮಂದಿ ಆರೋಗ್ಯವಂತ ಹೆಂಗಸರಲ್ಲಿ ಒಂದು ಗುಂಪಿಗೆ ಅಲ್ಲೆಗ್ರಿ ಎಂಬವನು ರಚಿಸಿದ ಪ್ರಾರ್ಥನಾಗೀತೆ, ಇನ್ನೊಂದಕ್ಕೆ ಹರಿಯುವ ನೀರಿನ ಸದ್ದು, ಮೂರನೆಯದಕ್ಕೆ ಬರಿಯ ವಿಶ್ರಾಂತಿ. ಆಮೇಲೆ ಎಲ್ಲರಿಗೂ ತೀರ್ಪುಗಾರರ ಮುಂದೆ ಭಾಷಣ ಮಾಡುವ, ಬಾಯಲ್ಲೇ ಲೆಕ್ಕ ಹೇಳುವ ಕಠಿಣ ಪರೀಕ್ಷೆ. ಒತ್ತಡದ ಹಾರ್ಮೋನ್ ಕಾರ್ಟಿಸಾಲ್ ಅತಿ ಹೆಚ್ಚು ಏರಿದ್ದು ಸಂಗೀತ ಕೇಳಿದವರಲ್ಲಿ, ಅತಿ ಕಡಿಮೆ ಏರಿದ್ದು ನೀರಿನ ಸದ್ದು ಕೇಳಿದವರಲ್ಲಿ. ಆದರೆ ಪರೀಕ್ಷೆ ಮುಗಿದ ಮೇಲೆ, ನರಮಂಡಲದ ಉದ್ವೇಗ ತೋರಿಸುವ ಎಂಜಲಿನ ಕಿಣ್ವವೊಂದು ಬೇಗನೆ ಸಹಜ ಮಟ್ಟಕ್ಕೆ ಇಳಿದದ್ದು ಸಂಗೀತ ಕೇಳಿದವರಲ್ಲೇ. ಕಾರ್ಟಿಸಾಲ್ ಒಂದನ್ನೇ ಅಳೆದಿದ್ದರೆ ಸಂಗೀತ ಹಾನಿಕರ ಎನ್ನಬೇಕಾಗುತ್ತಿತ್ತು, ಕಿಣ್ವ ಒಂದನ್ನೇ ಅಳೆದಿದ್ದರೆ ಸಂಗೀತ ಮದ್ದು ಎನ್ನಬೇಕಾಗುತ್ತಿತ್ತು. ಎರಡನ್ನೂ ಅಳೆದದ್ದರಿಂದ ಗೊತ್ತಾದದ್ದು, ಒತ್ತಡಕ್ಕೆ ಸಿದ್ಧವಾಗುವುದು ಬೇರೆ, ಒತ್ತಡದಿಂದ ಚೇತರಿಸಿಕೊಳ್ಳುವುದು ಬೇರೆ ಎಂಬುದು. ಸಾಕ್ಷಿಗಳ ಭಿನ್ನಮತವೇ ಇಲ್ಲಿ ಜ್ಞಾನವಾಯಿತು.

ಮೂರನೆಯ ಆಕ್ಷೇಪ ಇತ್ತೀಚಿನದು. ಆಲ್ಫಾ, ಬೀಟಾ ಎಂಬ ಹಳೆಯ ಹೆಸರುಗಳ ಗೊಡವೆಯೇ ಬೇಡ, ಇಡೀ ದತ್ತಾಂಶವನ್ನು ಕಂಪ್ಯೂಟರಿಗೆ ಕೊಟ್ಟರೆ ಅದೇ ಮಾದರಿ ಕಂಡುಕೊಂಡು ಒತ್ತಡ ಯಾವುದು, ನಿರಾಳ ಯಾವುದು ಎಂದು ಹೇಳುತ್ತದೆ ಎನ್ನುವವರಿದ್ದಾರೆ. ಈ ಕ್ಷೇತ್ರದಲ್ಲಿ ಹೆಚ್ಚು ಬಳಕೆಯಲ್ಲಿರುವ ಸಂಗ್ರಹಗಳಲ್ಲೊಂದು 2012ರಲ್ಲಿ ಹೊರಬಂದ 'ಡೀಪ್'. ಮೂವತ್ತೆರಡು ಮಂದಿ ಒಂದೊಂದು ನಿಮಿಷದ ನಲವತ್ತು ಸಂಗೀತ ವಿಡಿಯೊಗಳನ್ನು ನೋಡುವಾಗಿನ ಮಿದುಳಿನ ಅಲೆಗಳು ಅದರಲ್ಲಿವೆ. ಯಾವ ನಿಮಿಷ ಉದ್ವೇಗದ್ದು, ಯಾವುದು ಶಾಂತವಾದದ್ದು ಎಂದು ಕಂಪ್ಯೂಟರಿಗೆ ಕಲಿಸಿದ್ದು ಯಾರು? ಆ ಮೂವತ್ತೆರಡು ಮಂದಿಯೇ, ಪ್ರತಿ ವಿಡಿಯೊದ ನಂತರ ಅಂಕ ಕೊಟ್ಟು. ಕೇಳುಗನ ಮಾತಿನಿಂದ ತಪ್ಪಿಸಿಕೊಳ್ಳಲು ಹೊರಟ ದಾರಿ ಕೇಳುಗನ ಮಾತಿನ ಮೇಲೆಯೇ ಕಟ್ಟಿದೆ. ಕಂಪ್ಯೂಟರ್ ಹಿಡಿದ ಮಾದರಿ ಮಿದುಳಿನದೋ ಹುಬ್ಬಿನ ಸ್ನಾಯುವಿನದೋ ಎಂಬ ಫ್ಲಿಂಡರ್ಸ್ ಪ್ರಶ್ನೆಯೂ ಹಾಗೆಯೇ ಉಳಿಯುತ್ತದೆ.

ಇಷ್ಟೆಲ್ಲ ಹೇಳಿದರೂ ಮಿದುಳಿನ ಸಂಕೇತಗಳಿಂದ ಪ್ರಯೋಜನವಿಲ್ಲ ಎಂಬ ತೀರ್ಮಾನಕ್ಕೆ ನಾನು ಬರುವುದಿಲ್ಲ. ಸರಿಯಾದ ಪ್ರಶ್ನೆ ಕೇಳಿದಾಗ ಅವು ಸರಿಯಾದ ಉತ್ತರ ಕೊಟ್ಟಿವೆ. ಕೆನಡಾದ ಶ್ಮಿಟ್ ಮತ್ತು ಟ್ರೇನರ್ 2001ರಲ್ಲಿ ಸಂತೋಷ, ಉಲ್ಲಾಸದ ಸಂಗೀತಕ್ಕೆ ಮಿದುಳಿನ ಮುಂಭಾಗದ ಎಡಬದಿ, ಭಯ, ದುಃಖದ್ದಕ್ಕೆ ಬಲಬದಿ ಹೆಚ್ಚು ಚುರುಕಾಗುವುದನ್ನು ಕಂಡರು. ಭಾವದ ತೀವ್ರತೆ ಬೇರೆ, ಭಾವದ ಬಗೆ ಬೇರೆ ಎಂದು ಅದು ಬಿಡಿಸಿ ತೋರಿಸಿತು. ಬೆಂಗಳೂರಿನಲ್ಲೂ ಇಂಥ ಎಚ್ಚರದ ಕೆಲಸ ನಡೆದಿದೆ. ಶರ್ಲಿ ಟೆಲ್ಲಸ್, ನಾಗರತ್ನ, ನಾಗೇಂದ್ರ 1995ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮನಸ್ಸಿನಲ್ಲೇ ಓಂಕಾರ ಜಪಿಸುವ ಏಳು ಅನುಭವಿ ಸಾಧಕರ ಹೃದಯ ಬಡಿತ ಇಳಿದಿತ್ತು, ಆದರೆ ಚರ್ಮದ ರಕ್ತನಾಳಗಳು ಎಚ್ಚರದ ಲಕ್ಷಣ ತೋರಿಸಿದವು. ದೇಹ ಹಗುರ, ಮನಸ್ಸು ಜಾಗೃತ ಎಂದು ಅವರು ಓದಿದರು. ನಿಮ್ಹಾನ್ಸ್‌ನಲ್ಲಿ ಬಿ. ಎನ್. ಗಂಗಾಧರ್ ಮತ್ತು ಸಹೋದ್ಯೋಗಿಗಳು 2011ರಲ್ಲಿ ಹನ್ನೆರಡು ಮಂದಿ ಓಂಕಾರ ಉಚ್ಚರಿಸುವಾಗ ಮಿದುಳಿನ ರಕ್ತಚಲನೆಯನ್ನು ಎಂಆರ್‌ಐಯಲ್ಲಿ ನೋಡಿ, ಭಾವನೆಗಳಿಗೆ ಸೇರಿದ ಲಿಂಬಿಕ್ ಭಾಗಗಳು ಶಾಂತವಾದದ್ದನ್ನು ವರದಿ ಮಾಡಿದರು. ಸಂಖ್ಯೆ ಚಿಕ್ಕದು, ಅವರೇ ಅದನ್ನು ಪ್ರಾಥಮಿಕವೆಂದರು. ನನ್ನ ಮೆಚ್ಚಿಗೆ ಅವರ ಹೋಲಿಕೆಯ ಆಯ್ಕೆಗೆ: ಅವರು ಓಂಕಾರವನ್ನು ಸುಮ್ಮನಿರುವುದಕ್ಕಷ್ಟೇ ಹೋಲಿಸದೆ, ಅಷ್ಟೇ ಹೊತ್ತು 'ಸ್ಸ್' ಎಂದು ಉಸಿರು ಬಿಡುವುದಕ್ಕೂ ಹೋಲಿಸಿದರು. ಉಸಿರು ಉದ್ದವಾದದ್ದರ ಫಲ ಎಷ್ಟು, ನಾದದ ಫಲ ಎಷ್ಟು ಎಂದು ಬೇರ್ಪಡಿಸಲು ಅದರಿಂದ ದಾರಿಯಾಯಿತು. ರಾಮನ್ ಹೆಸರಿನಲ್ಲಿ ಜಾದವಪುರ ವಿಶ್ವವಿದ್ಯಾಲಯದಲ್ಲಿ ಇರುವ ಭೌತವಿಜ್ಞಾನ ಮತ್ತು ಸಂಗೀತದ ಕೇಂದ್ರದಲ್ಲಿ ತಂಬೂರಿಯ ಶ್ರುತಿ ಕೇಳುವವರ ಮಿದುಳಿನ ಅಲೆಗಳನ್ನು ಓದುತ್ತಿದ್ದಾರೆ. ಅಲ್ಲಿಯೂ ಆಲ್ಫಾ ಏರಿತೇ ಎಂಬ ಒಂದೇ ಪ್ರಶ್ನೆಗಿಂತ ಅಲೆಯ ಒಳರಚನೆ ಹೇಗೆ ಬದಲಾಯಿತು ಎಂಬುದಕ್ಕೆ ಗಮನವಿದೆ.

ಹೋಲಿಕೆ ಯಾವುದರೊಂದಿಗೆ ಎಂಬ ಪ್ರಶ್ನೆ ಎಷ್ಟು ದೂರ ಹೋಗಬಲ್ಲದೆಂಬುದಕ್ಕೆ ಇನ್ನೊಂದು ಪ್ರಯೋಗವಿದೆ. ಇಟಲಿಯ ಲುಚಾನೊ ಬೆರ್ನಾರ್ದಿ, ಪೋರ್ತಾ, ಮತ್ತು ಆಕ್ಸ್‌ಫರ್ಡಿನ ಪೀಟರ್ ಸ್ಲೈಟ್ 2006ರಲ್ಲಿ ಹನ್ನೆರಡು ಸಂಗೀತಗಾರರಿಗೂ ಸಂಗೀತ ಕಲಿಯದ ಹನ್ನೆರಡು ಮಂದಿಗೂ ಆರು ಬಗೆಯ ಸಂಗೀತ ಕೇಳಿಸಿ ಹೃದಯ, ಉಸಿರು, ಮಿದುಳಿಗೆ ಹರಿಯುವ ರಕ್ತ ಅಳೆದರು. ಅವುಗಳಲ್ಲಿ ಭಾರತೀಯ ರಾಗವೂ ಇತ್ತು. ವೇಗ ಹೆಚ್ಚಿದಂತೆ ಉಸಿರು, ಬಡಿತ, ರಕ್ತದೊತ್ತಡ ಹೆಚ್ಚಿದವು. ಶೈಲಿಗಿಂತ ಲಯ ಮುಖ್ಯವಾಗಿತ್ತು. ಸಂಗೀತಗಳ ನಡುವೆ ಎಲ್ಲೋ ಒಂದು ಕಡೆ, ಯಾವ ಕ್ರಮವೂ ಇಲ್ಲದೆ, ಅವರು ಎರಡು ನಿಮಿಷದ ಮೌನವನ್ನು ಸೇರಿಸಿದ್ದರು. ಬಡಿತವೂ ರಕ್ತದೊತ್ತಡವೂ ಪ್ರಯೋಗ ಶುರುವಾಗುವ ಮೊದಲಿನ ಮಟ್ಟಕ್ಕಿಂತ ಕೆಳಗೆ ಇಳಿದದ್ದು ಆ ಮೌನದಲ್ಲಿ. ಮೊದಲೂ ಮೌನವೇ ಇತ್ತು, ಆಗ ಅಷ್ಟು ಇಳಿದಿರಲಿಲ್ಲ. ಸಂಗೀತ ಬಂದು ನಿಂತ ಮೇಲಿನ ಮೌನಕ್ಕೇ ಆ ಗುಣ ಬಂದಿತ್ತು. ಕಿವಿಗೆ ಏನೂ ಬೀಳದ ಆ ಎರಡು ನಿಮಿಷ ಮಿದುಳು ನಿಂತ ಸಂಗೀತವನ್ನು ಮುಂದುವರಿಸುತ್ತಿತ್ತೋ, ಮುಂದಿನದಕ್ಕೆ ಕಾಯುತ್ತಿತ್ತೋ, ಎರಡನ್ನೂ ಬಿಟ್ಟಿತ್ತೋ ಎಂಬುದು ಬೆರ್ಗರನ ಯಂತ್ರಕ್ಕೆ ತಕ್ಕ ಪ್ರಶ್ನೆ.